ವೇತನದ ವಿದ್ಯೆ, ಸಾಲದ ವಿದ್ಯೆ

ಅಮೆರಿಕಾ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಒಂದು ವೈಪರೀತ್ಯವುಂಟು. ಮೊದಲ ಸಲ ಕೇಳಿದ ಗೃಹಸ್ಥರಿಗೆ ಎಲ್ಲಿಯೋ ಲೆಕ್ಕ ತಪ್ಪಿರಬೇಕೆಂದೇ ಅದು ತೋರುವುದು. ಕಿರಿಯ ಪದವಿಯಾದ ಎಂ.ಎಸ್. ಓದಬೇಕಾದರೆ ವಿದ್ಯಾರ್ಥಿಯು ಸಾಮಾನ್ಯವಾಗಿ ತಾನೇ ಹಣವನ್ನು ತೆರಬೇಕು. ಹಿರಿಯ ಪದವಿಯಾದ ಪಿಎಚ್.ಡಿ.ಗೆ ಸೇರಿದರೆ, ವಿಜ್ಞಾನದ ವಿಷಯಗಳಲ್ಲಿ ಬಹುಮಟ್ಟಿಗೆ, ವಿಶ್ವವಿದ್ಯಾನಿಲಯವೇ ಶುಲ್ಕವನ್ನು ಮನ್ನಿಸಿ ಮೇಲೆ ಮಾಸಾಶನವನ್ನೂ ಕೊಡುವುದು. ಮೊದಲು ಎಂ.ಎಸ್‌ಸಿ., ಆಮೇಲೆ ಪಿಎಚ್.ಡಿ. ಎಂದು ಈ ನಾಡಿನಲ್ಲಿರುವ ಮೆಟ್ಟಿಲಿನ ಕಟ್ಟುಪಾಡೂ ಅಲ್ಲಿ ಅಷ್ಟು ಬಿಗಿಯಾಗಿಲ್ಲ. ನಾಲ್ಕು ವರ್ಷದ ಪದವಿಯನ್ನು ಮುಗಿಸಿದವರು ನೇರವಾಗಿ ಹಿರಿಯ ಪದವಿಗೆ ಹೋಗಬಹುದು. ಒಂದು ಬಾಳೆಯ ಹಣ್ಣಿಗೆ ದುಡ್ಡು ಕೇಳಿ, ಇಡೀ ಗೊನೆಯನ್ನು ಪುಕ್ಕಟೆಯಾಗಿ ಕೊಡುತ್ತೇನೆನ್ನುವ ಅಂಗಡಿಯವನನ್ನು ಕಂಡರೆ ಯಾರಿಗಾದರೂ ಸಂಶಯ ಬರುವುದು ಸಹಜವಷ್ಟೆ.

ವಿಚಾರ ಮಾಡಿದರೆ ಇದಕ್ಕೆ ಕಾರಣವಿಲ್ಲದಿಲ್ಲ. ಎಂ.ಎಸ್. ವಿದ್ಯಾರ್ಥಿಯು ಪಾಠವನ್ನು ಕೊಳ್ಳಲು ಬಂದವನು. ಎರಡು ವರ್ಷಗಳಲ್ಲಿ ಕೊಂಡು ಮುಗಿಸಿ ಉದ್ಯೋಗಕ್ಕೆ ಹೋಗುವನು. ಪಿಎಚ್.ಡಿ. ವಿದ್ಯಾರ್ಥಿಯು ಕೊಳ್ಳುವವನಲ್ಲ, ದುಡಿಯುವವನು. ಪ್ರಾಧ್ಯಾಪಕರು ಯಾವುದೋ ಒಂದು ಪ್ರಶ್ನೆಯನ್ನು ಬಿಡಿಸುವುದಕ್ಕೆಂದು ಸರಕಾರದಿಂದಲೋ ಬೆಳೆಗಾರರ ಮಂಡಲಿಗಳಿಂದಲೋ ಅನುದಾನವನ್ನು ತಂದಿರುತ್ತಾರೆ. ಆ ಪ್ರಶ್ನೆಯ ಕೆಲಸವನ್ನು ವಿದ್ಯಾರ್ಥಿಯು ಮಾಡಬೇಕು, ಇಲ್ಲವೆ ಕಿರಿಯ ತರಗತಿಗಳಿಗೆ ಪಾಠ ಹೇಳಿ ಉತ್ತರಪತ್ರಿಕೆಗಳನ್ನು ತಿದ್ದಬೇಕು. ಕಾಗದದ ಮೇಲೆ ವಾರಕ್ಕೆ 20 ಗಂಟೆ. ಪ್ರಯೋಗಶಾಲೆಯ ಗಡಿಯಾರವು ಕಾಗದವನ್ನು ನೋಡಿ ನಡೆಯುವುದಿಲ್ಲ. ಹೀಗೆ ಐದು ವರ್ಷ, ಕೆಲವೊಮ್ಮೆ ಆರು. ಛಾಂದೋಗ್ಯದಲ್ಲಿ ಸತ್ಯಕಾಮನಿಗೆ ಗುರುವು ನಾನೂರು ಬಡಕಲು ಹಸುಗಳನ್ನು ಒಪ್ಪಿಸಿದ ಕಥೆಯನ್ನು ಬಲ್ಲ ವಾಚಕರಿಗೆ ಈ ಏರ್ಪಾಡು ಹೊಸತೆನಿಸದು. ಅವು ಸಾವಿರವಾಗದೆ ಹಿಂದಿರುಗುವುದಿಲ್ಲವೆಂದು ಅವನು ಕಾಡಿಗೆ ಹೊರಟನು. ಎತ್ತು, ಅಗ್ನಿ, ಹಂಸ, ನೀರುಹಕ್ಕಿ ಇವು ಅವನಿಗೆ ಬ್ರಹ್ಮದ ಒಂದೊಂದು ಪಾದವನ್ನು ಹೇಳಿಕೊಟ್ಟದ್ದು ಆ ಹಸುಗಳ ಹಿಂದೆ ಅಲೆಯುತ್ತಿದ್ದಾಗಲೇ. ಎಂ.ಎಸ್. ಓದುವವನಿಗೆ ಹಸು ಕಾಯುವ ಕೆಲಸವಿಲ್ಲ. ಆದುದರಿಂದಲೇ ಅವನಿಗೆ ಹಾಲು ಕ್ರಯಕ್ಕೆ.

2025ರ ಮಾರ್ಚ್ ತಿಂಗಳ ಕೊನೆಯಲ್ಲಿ, ಯುಗಾದಿಗೆ ಇನ್ನು ಎರಡು ದಿನವಿದೆಯೆನ್ನುವಾಗ, ತೀರ್ಥಹಳ್ಳಿಯ ಒಂದು ಮನೆಗೆ ಈ ಎರಡು ಬಗೆಯ ಆಹ್ವಾನಗಳೂ ಒಂದೇ ವಾರದಲ್ಲಿ ಬಂದವು. ತಂದೆ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯರು. ಊರಾಚೆ ಎರಡು ಎಕರೆ ಅಡಕೆಯ ತೋಟ. ಪೇಟೆಯಲ್ಲಿ ಹಳೆಯ ಹೆಂಚಿನ ಮನೆ. ಆ ಮನೆಯು ಅಜ್ಜಿಯ ಹೆಸರಿನಲ್ಲಿತ್ತು. ಮಗಳಿಗೆ ಇಪ್ಪತ್ತೆರಡು ವರ್ಷ; ಶಿವಮೊಗ್ಗೆಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷದ ಪದವಿಯನ್ನು ಮುಗಿಸಿದ್ದಳು.

ಮೊದಲನೆಯ ಪತ್ರವು ಅಮೆರಿಕದ ನಡುನಾಡಿನ ಒಂದು ವಿಶ್ವವಿದ್ಯಾನಿಲಯದ ಸಸ್ಯರೋಗ ವಿಭಾಗದ್ದು. ಪಿಎಚ್.ಡಿ.ಗೆ ಪ್ರವೇಶ, ಶುಲ್ಕವಿಲ್ಲ, ವರ್ಷಕ್ಕೆ 26,000 ಡಾಲರ್ ವೇತನ. ಅಲ್ಲಿಯ ಪ್ರಾಧ್ಯಾಪಕರು ಸೋಯಾ ಅವರೆಯ ಬೇರನ್ನೂ ಕಾಂಡವನ್ನೂ ಕೊಳೆಯಿಸುವ ಫೈಟಾಫ್ತೊರಾ ಎಂಬ ರೋಗಾಣುವಿನ ಮೇಲೆ ಕೆಲಸ ಮಾಡುತ್ತಿದ್ದರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಸಸ್ಯನಾಶಕ ಎಂದೇ ಅರ್ಥ. ಮಲೆನಾಡಿನ ತೋಟದವರಿಗೆ ಈ ಕುಲದ ಪರಿಚಯವನ್ನು ಯಾರೂ ಮಾಡಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅಡಕೆಯ ಕಾಯಿಗಳನ್ನು ಕೊಳೆಯಿಸಿ ಉದುರಿಸುವ ಕೊಳೆರೋಗವು ಇದರ ಇನ್ನೊಂದು ಜಾತಿಯ ಕೃತ್ಯ. ಕೆನಡಾ ದೇಶದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಡಾಕ್ಟರೇಟು ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್‌ಮನ್ನರು ಈ ಕೊಳೆರೋಗವನ್ನೇ ಹಿಡಿದು ಶೋಧಿಸಿ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ಬೆರಸಿದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಹೊಡೆಯುವ ಪದ್ಧತಿಯನ್ನು ತೋಟಗಳಿಗೆ ಹಬ್ಬಿಸಿದವರೂ ಅವರೇ. ಫ್ರಾನ್ಸಿನ ದ್ರಾಕ್ಷಿಗೆ ಹುಟ್ಟಿದ ಔಷಧವು ಹೀಗೆ ತುಂಗೆಯ ದಡಕ್ಕೆ ಬಂದಿತು. ಹುಡುಗಿಯು ತನ್ನ ಅರ್ಜಿಯಲ್ಲಿ ಈ ಸಂಗತಿಯನ್ನೂ, ಮಳೆಯ ಬಿಡುವನ್ನು ಕಾದುಕೊಂಡು ಮರವೇರುವ ಕೊನೆಗಾರರ ಸಂಗತಿಯನ್ನೂ ಬರೆದಿದ್ದಳು. ಪ್ರಾಧ್ಯಾಪಕರ ಕಣ್ಣಿಗೆ ಬಿದ್ದುದು ಅದೇ.

ಎರಡನೆಯ ಪತ್ರವು ಪೂರ್ವತೀರದ ದೊಡ್ಡ ಪಟ್ಟಣವೊಂದರಿಂದ ಬಂದದ್ದು: ಅನ್ವಯಿಕ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್., ಎರಡು ವರ್ಷ. ಹೆಸರು ಕೇಳಿದರೆ ಬೆಂಗಳೂರಿನ ನೆಂಟರು ಹುಬ್ಬೇರಿಸುವಂತಹ ವಿದ್ಯಾಪೀಠ. ಸಹಾಯಧನದ ಮಾತು ಮಾತ್ರ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಹುಡುಗಿಯ ಮನಸ್ಸು ಎರಡನೆಯದರ ಕಡೆಗೆ ವಾಲಿತ್ತು. ಕೊನೆಯ ವರ್ಷದಲ್ಲಿ ಒಂದು ಕ್ಷೇತ್ರ ಪ್ರಯೋಗದ ಅಂಕಿಗಳನ್ನು ಜೋಡಿಸುವ ಕೆಲಸ ಅವಳ ಪಾಲಿಗೆ ಬಂದಿದ್ದಿತು. ಯಾವ ಔಷಧಿಯು ನಿಜವಾಗಿ ಕೆಲಸ ಮಾಡಿತು, ಯಾವುದು ಬರಿಯ ಬಿಸಿಲಿನ ಪುಣ್ಯದಿಂದ ಹೆಸರು ಗಳಿಸಿತು ಎಂಬುದನ್ನು ಅಂಕಿಗಳ ರಾಶಿಯಿಂದ ಹೆಕ್ಕಿ ತೆಗೆಯುವ ವಿದ್ಯೆ ಅವಳನ್ನು ಹಿಡಿದುಕೊಂಡಿತು. ರೋಗಕ್ಕಿಂತ ರೋಗದ ಲೆಕ್ಕವೇ ಅವಳಿಗೆ ರುಚಿಸಿತೆಂದರೂ ಸರಿಯೆ. ಆದರೆ ಇದು ಒಂದು ವರ್ಷದ ರುಚಿಯೋ ಬಾಳಿನ ರುಚಿಯೋ ಎಂದು ಅವಳಿಗೇ ತಿಳಿಯದು. ಒಂದೇ ರೋಗಾಣುವನ್ನು ಐದು ವರ್ಷ ಇಣುಕಿ ನೋಡುತ್ತಾ ಕುಳಿತಿರಬಲ್ಲೆನೆ ಎಂಬ ಅಂಜಿಕೆ ಮಾತ್ರ ನಿಶ್ಚಯವಾಗಿ ಇದ್ದಿತು.

ಗಣಿತದ ಉಪಾಧ್ಯಾಯರು ತಮ್ಮ ಕೆಲಸವನ್ನು ತಾವು ಮಾಡಿದರು. ಎಂ.ಎಸ್.ನ ಶುಲ್ಕ, ವಸತಿ, ಊಟ, ವಿಮೆ ಎಲ್ಲ ಸೇರಿ ಎರಡು ವರ್ಷಕ್ಕೆ 62,000 ಡಾಲರ್. ಆಗ ಡಾಲರಿಗೆ ಸುಮಾರು 86 ರೂಪಾಯಿ. 53 ಲಕ್ಷಕ್ಕೆ ಮೇಲಾಯಿತು. ನೂರಕ್ಕೆ ಹತ್ತರಂತೆ ಹಿಡಿದರೂ ವರ್ಷವೊಂದಕ್ಕೆ ಬಡ್ಡಿಯೇ ಐದು ಲಕ್ಷ ದಾಟುವುದು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲವೆಂಬುದು ನಿಜ. ಬಡ್ಡಿ ಮಾತ್ರ ಆ ಹೊತ್ತಿನಲ್ಲಿಯೂ ನಿದ್ದೆ ಮಾಡುವುದಿಲ್ಲ. ವಿದ್ಯಾಭ್ಯಾಸದ ಸಾಲವು 7.5 ಲಕ್ಷವನ್ನು ಮೀರಿದರೆ ಸಾಮಾನ್ಯವಾಗಿ ಆಧಾರ ಕೇಳುತ್ತಾರೆ. ತೋಟವನ್ನು ಬರೆದುಕೊಡುತ್ತೇನೆಂದರೆ ಬ್ಯಾಂಕಿನವರು ಒಪ್ಪಲಿಲ್ಲ. ಕೃಷಿಭೂಮಿಗೆ 2002ರ ಸರ್ಫೇಸಿ ಕಾಯಿದೆಯ ಕೈ ಚಾಚುವುದಿಲ್ಲವಾದುದರಿಂದ ಅದನ್ನು ಅವರು ಆಧಾರವಾಗಿ ಇಷ್ಟಪಡುವುದಿಲ್ಲ. ಅವರ ಕಣ್ಣು ಪೇಟೆಯ ಮನೆಯ ಮೇಲೆ ನಿಂತಿತು.

ಸಾಲ ಹೊತ್ತ ವಿದ್ಯಾರ್ಥಿಗಳ ಪಂಕ್ತಿಯಲ್ಲಿ ಕೌತ್ಸನನ್ನು ಮೊದಲನೆಯ ಎಲೆಗೆ ಕೂರಿಸಬೇಕೇನೋ. ರಘುವಂಶದ ಐದನೆಯ ಸರ್ಗದಲ್ಲಿ ಬರುವ ಈ ವರತಂತುಶಿಷ್ಯನಿಗೆ ಗುರುವು ನಿನ್ನ ಭಕ್ತಿಯೇ ಸಾಕೆಂದನು. ಶಿಷ್ಯನು ಸುಮ್ಮನಾಗದೆ ದಕ್ಷಿಣೆ ದಕ್ಷಿಣೆ ಎಂದು ಪೀಡಿಸಲು, ಸಿಟ್ಟು ಬಂದು ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿಯನ್ನು ತಾ ಎಂದನು. ಅದನ್ನು ಬೇಡಲು ಹೋದರೆ, ರಘುಮಹಾರಾಜನು ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ತಂದನು. ಕುಬೇರನು ಅಂಜಿ ಹೊನ್ನಿನ ಮಳೆಯನ್ನು ಸುರಿಸಿದುದರಿಂದ ಕೌತ್ಸನು ಋಣದಿಂದ ಪಾರಾದನು. ಈಗಿನ ಕೌತ್ಸರಿಗೆ ಕುಬೇರನ ಸ್ಥಾನದಲ್ಲಿರುವುದು ಉದ್ಯೋಗ. ಎಂ.ಎಸ್. ಮುಗಿದ ಮೇಲೆ ಒಂದು ವರ್ಷ, ವಿಜ್ಞಾನ ಗಣಿತಗಳ ಪದವಿಯಾದರೆ ಇನ್ನೆರಡು ವರ್ಷ, ಅಲ್ಲಿ ಕೆಲಸ ಮಾಡಲು ಅಪ್ಪಣೆಯುಂಟು. ಅನಂತರದ ಉದ್ಯೋಗದ ವೀಸಾ ಆ ಕಾಲಕ್ಕೆ ಚೀಟಿ ಎತ್ತುವುದರ ಮೇಲೆ ನಿಂತಿತ್ತು. ಅಜ್ಜಿಯ ಮನೆಯೊಂದು ಚೀಟಿಯ ಮೇಲೆ!

ವೇತನದ ಕಡೆಯೂ ನೆಲ ಗಟ್ಟಿಯಾಗಿರಲಿಲ್ಲವೆಂಬುದನ್ನು ಹೇಳಲೇಬೇಕು. 2025ರ ಮೊದಲ ತಿಂಗಳುಗಳಲ್ಲಿ ಅಮೆರಿಕದ ಕೇಂದ್ರ ಸರಕಾರವು ಸಂಶೋಧನೆಯ ಅನುದಾನಗಳನ್ನು ಅನೇಕ ಕಡೆ ತಡೆಹಿಡಿಯಿತು, ಕೆಲವನ್ನು ರದ್ದುಮಾಡಿತು. ಕೆಲವು ವಿದ್ಯಾಪೀಠಗಳು ಹೊಸ ಪಿಎಚ್.ಡಿ. ಪ್ರವೇಶಗಳನ್ನು ಕಡಮೆ ಮಾಡಿದವು, ಕೊಟ್ಟ ಪ್ರವೇಶವನ್ನೇ ಹಿಂದೆಗೆದುಕೊಂಡದ್ದೂ ಉಂಟು. ಹುಡುಗಿಗೆ ಬಂದ ಪತ್ರದಲ್ಲಿಯೂ, ಹಣ ದೊರೆಯುವುದಕ್ಕೆ ಒಳಪಟ್ಟು ಎಂಬ ಒಂದು ವಾಕ್ಯ ಕೊನೆಯಲ್ಲಿ ಸಣ್ಣಗೆ ಕುಳಿತಿತ್ತು. ತಂದೆ ಅದರ ಕೆಳಗೆ ಪೆನ್ಸಿಲಿನಿಂದ ಗೆರೆಯೆಳೆದರು. ಆದರೂ ಅವರ ಒಲವು ಯಾವ ಕಡೆಗೆಂಬುದು ಮನೆಯವರಿಗೆಲ್ಲ ತಿಳಿದಿದ್ದ ವಿಷಯವೇ.

ಇಂತಹ ಹೊತ್ತಿನಲ್ಲಿ ಹುಡುಗಿಯ ಸೋದರಮಾವನು ಬೆಂಗಳೂರಿನಿಂದ ಹಬ್ಬಕ್ಕೆ ಬಂದನು. ಹದಿನೈದು ವರ್ಷದ ಕೆಳಗೆ ಸಾಲ ಮಾಡಿ ಅಮೆರಿಕದಲ್ಲಿ ಎಂ.ಎಸ್. ಓದಿ, ಆರು ವರ್ಷದಲ್ಲಿ ಸಾಲ ತೀರಿಸಿ ಹಿಂದಿರುಗಿದವನು. ಒಳ್ಳೆಯವನು, ಮಾತು ಚುರುಕು. ಎರಡು ಪತ್ರಗಳನ್ನೂ ಓದಿ ಮೇಜಿನ ಮೇಲಿಟ್ಟು ಹೇಳಿದನು:

“ಭಾವ, ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ? ಪಿಎಚ್.ಡಿ.ಗೆ ಅಂತಲೇ ಸೇರಲಿ. ಎರಡು ವರ್ಷ ಅವರ ದುಡ್ಡಿನಲ್ಲೇ ಓದಲಿ. ಎರಡು ವರ್ಷವಾದಮೇಲೆ ಬಿಡುತ್ತೇನೆ ಎಂದರೆ ಎಂ.ಎಸ್. ಪದವಿ ಕೊಟ್ಟೇ ಕಳಿಸುತ್ತಾರೆ. ಆಮೇಲೆ ಸಂಖ್ಯಾಶಾಸ್ತ್ರವೋ ಇನ್ನೊಂದೋ, ಕೆಲಸ ಹಿಡಿಯಬಹುದು. ಮನೆಯೂ ಉಳಿಯಿತು, ಮಗುವಿನ ಆಸೆಯೂ ಆಯಿತು.”

“ಹಾಗೆ ಮಾಡಬಹುದೆ?” ಎಂದರು ತಂದೆ.

“ಎಷ್ಟೋ ಜನ ಮಾಡುತ್ತಾರೆ.”

ಅವನು ಹೇಳಿದ್ದು ಸುಳ್ಳಲ್ಲ. ಪಿಎಚ್.ಡಿ.ಯ ಹಾದಿಯನ್ನು ನಡುವೆ ಬಿಟ್ಟವರಿಗೆ, ಬೇಕಾದಷ್ಟು ಪಾಠಗಳನ್ನು ಮುಗಿಸಿದ್ದರೆ, ಎಂ.ಎಸ್. ಪದವಿಯನ್ನು ಕೊಟ್ಟು ಕಳುಹಿಸುವ ರೂಢಿ ಅಲ್ಲಿಯ ಅನೇಕ ವಿಭಾಗಗಳಲ್ಲಿದೆ. ಅದು ಧರ್ಮವಾದ ರೂಢಿಯೇ. ಇಪ್ಪತ್ತೆರಡರ ಪ್ರಾಯದಲ್ಲಿ ಆರಿಸಿಕೊಂಡ ವಿಷಯವು ಇಪ್ಪತ್ತನಾಲ್ಕರಲ್ಲಿ ಒಗ್ಗದೆ ಹೋಗಬಹುದು, ಪ್ರಯೋಗಗಳು ಕೈಗೂಡದಿರಬಹುದು, ಗುರುಶಿಷ್ಯರಿಗೆ ಸರಿಬೀಳದಿರಬಹುದು. ಅಂತಹವರನ್ನು ಐದು ವರ್ಷ ಕಟ್ಟಿಹಾಕುವುದು ಯಾರಿಗೂ ಹಿತವಲ್ಲ. ಆದರೆ ಬಾಗಿಲಿನಿಂದ ಒಳಗೆ ಕಾಲಿಡುವಾಗಲೇ ಹಿತ್ತಲ ಬಾಗಿಲನ್ನು ಗುರುತು ಮಾಡಿಟ್ಟುಕೊಂಡು ಹೋಗುವುದು ಬೇರೆಯ ಮಾತು. ಹೊರಗೆ ನಿಂತು ನೋಡಿದವರಿಗೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದಲೇ ಇಲ್ಲಿ ತೊಡಕು. ಪ್ರಾಧ್ಯಾಪಕರು ಆ ವರ್ಷ ಒಬ್ಬರನ್ನೇ ತೆಗೆದುಕೊಳ್ಳುವವರಿದ್ದರು. ದೂರದರ್ಶನದ ಕರೆಯಲ್ಲಿ ಹುಡುಗಿಯೊಡನೆ ಎರಡು ಸಲ ಮಾತನಾಡಿದಾಗ ಅದನ್ನು ಹೇಳಿಯೂ ಇದ್ದರು. ಆ ಒಂದು ಸ್ಥಾನಕ್ಕೆ ಬೇರೆ ಯಾವ ಊರಿನ ಯಾವ ಮಕ್ಕಳು ಕಾದಿದ್ದರೋ!

ಅಜ್ಜಿ ಜಗಲಿಯಲ್ಲಿ ಹಲಸಿನ ಹಪ್ಪಳವನ್ನು ಒತ್ತುತ್ತಿದ್ದರು. ಮಾತೆಲ್ಲ ಅವರ ಕಿವಿಗೆ ಬೀಳುತ್ತಲೇ ಇತ್ತು. ರಾತ್ರಿ ಮೊಮ್ಮಗಳು ಪಕ್ಕದಲ್ಲಿ ಹಾಸಿಗೆ ಬಿಡಿಸಿದಾಗ ಅವರು ತಮ್ಮ ಯಜಮಾನರ ಸಂಗತಿಯನ್ನು ತೆಗೆದರು. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು.

“ನಿಮ್ಮ ಅಜ್ಜ ಮೈಸೂರಿನಲ್ಲಿ ವಾರಾನ್ನದಲ್ಲಿ ಓದಿದವರು, ಕೂಸೇ. ಏಳು ದಿನಕ್ಕೆ ಏಳು ಮನೆ. ಗುರುವಾರದ ಮನೆಯವರು ಊಟ ಹಾಕುತ್ತಿದ್ದದ್ದು ಹುಡುಗ ವೇದ ಓದುತ್ತಿದ್ದಾನೆ, ನಾಳೆ ನಮ್ಮ ಮನೆಯ ಪೌರೋಹಿತ್ಯಕ್ಕೆ ಆಗುತ್ತಾನೆ ಅಂತ. ಇವರಿಗೆ ನಡುವೆ ವ್ಯಾಕರಣದ ಹುಚ್ಚು ಹಿಡಿಯಿತು. ವೇದದ ಪಾಠ ಬಿಟ್ಟರು. ಬಿಟ್ಟ ಮೇಲೂ ಎರಡು ಗುರುವಾರ ಹೋಗಿ ಉಂಡು ಬಂದರಂತೆ. ಮೂರನೆಯ ಗುರುವಾರ ಎಲೆಯ ಮುಂದೆ ಕೂತವರಿಗೆ ಅನ್ನ ಇಳಿಯಲಿಲ್ಲವಂತೆ. ಎದ್ದು ಹೋಗಿ ಯಜಮಾನರಿಗೆ ಹೇಳಿದರು.”

“ಅವರು ಏನಂದರು, ಅಜ್ಜಿ? ಇರಲಿ, ಊಟ ಮಾಡು ಎಂದರೆ?”

“ಎಲ್ಲಿ! ಇವತ್ತಿನ ಊಟ ಮುಗಿಸು, ಮುಂದಿನ ವಾರದಿಂದ ಬೇರೆ ಮನೆ ನೋಡಿಕೋ ಎಂದರು. ಬೇರೆ ಮನೆ ಸಿಗಲಿಲ್ಲ. ಒಂದು ವರ್ಷ ಗುರುವಾರ ಗುರುವಾರ ಉಪವಾಸ. ರಾಯರ ವಾರ, ಪುಣ್ಯ ಬಂತು ಬಿಡು ಅಂತ ನಗುತ್ತಿದ್ದರು.” ಸ್ವಲ್ಪ ಹೊತ್ತು ಬಿಟ್ಟು ಅಜ್ಜಿ ಹೇಳಿದರು: “ನಿನಗೆ ಲೆಕ್ಕದ ಓದೇ ಬೇಕು ಎಂದರೆ ಮನೆಯನ್ನು ಬರೆದುಕೊಡುತ್ತೇನೆ. ನಾನು ಇನ್ನೆಷ್ಟು ದಿನ ಇದರಲ್ಲಿ ಇರುವವಳು? ಆದರೆ ನಿಮ್ಮ ಮಾವ ಹೇಳಿದ ಹಾಗೆ ಹೋಗುವುದು ಬೇಡ.”

ಮರುದಿನ ಈ ಮಾತು ತಂದೆಗೆ ತಿಳಿಯಿತು. ವಿಶ್ವವಿದ್ಯಾನಿಲಯವೇನು ವಾರಾನ್ನದ ಬಡ ಗೃಹಸ್ಥನೆ, ಕೋಟಿಗಟ್ಟಲೆ ಹಣದ ಸಂಸ್ಥೆ ಎಂದು ಅವರು ತಾಯಿಗೆ ತಿಳಿಯಹೇಳಲು ನೋಡಿದರು. “ದುಡ್ಡು ಯಾರದಾದರೂ ಆಗಲಿ, ಎಲೆ ಹಾಕುವವನು ಒಬ್ಬನೇ ತಾನೆ?” ಎಂದು ಅಜ್ಜಿ ಹಪ್ಪಳವನ್ನು ತಿರುವಿಹಾಕಿದರು. ಮಾತು ಅಲ್ಲಿಗೆ ನಿಂತಿತು. ನಿಂತರೂ ಹುಡುಗಿಯ ಕಷ್ಟ ಕಡಮೆಯಾಗಲಿಲ್ಲ, ಇಮ್ಮಡಿಯಾಯಿತು. ಒಂದು ಕಡೆ ಅಜ್ಜಿಯ ಮನೆ. ಇನ್ನೊಂದು ಕಡೆ ಅಜ್ಜಿಯ ಮಾತು. ಎರಡನ್ನೂ ಉಳಿಸುವ ದಾರಿ ಕಾಣದೆ ಅವಳು ಹತ್ತು ದಿನ ತೋಟಕ್ಕೂ ಮನೆಗೂ ಅಲೆದಳು.

ಅಮೆರಿಕದ ವಿದ್ಯಾಪೀಠಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಂದು ಒಪ್ಪಂದದಂತೆ, ವೇತನಸಹಿತವಾದ ಆಹ್ವಾನಕ್ಕೆ ಏಪ್ರಿಲ್ 15ಕ್ಕೆ ಮುಂಚೆ ಉತ್ತರ ಕೊಡಬೇಕೆಂದು ವಿದ್ಯಾರ್ಥಿಯನ್ನು ಬಲವಂತಪಡ��ಸುವಂತಿಲ್ಲ. ವಿದ್ಯಾರ್ಥಿಗೆ ಅನುಕೂಲವಾಗಲೆಂದು ಮಾಡಿದ ನಿಯಮ. ಕಾರ್ಯತಃ ಅದು ಎಲ್ಲರನ್ನೂ ಅದೇ ದಿನದ ಅಂಚಿಗೆ ನೂಕುತ್ತದೆ. ಆ ವರ್ಷ 12ನೆಯ ತಾರೀಖು ಎರಡನೆಯ ಶನಿವಾರ, 13 ಭಾನುವಾರ, 14 ಅಂಬೇಡ್ಕರ್ ಜಯಂತಿ. ಮೂರು ದಿನ ಸಾಲಾಗಿ ಬ್ಯಾಂಕು ಮುಚ್ಚಿತ್ತು. ಮನೆಯ ಪತ್ರಗಳು ವಕೀಲರ ಪರಿಶೀಲನೆಗೆಂದು ಆಗಲೇ ಬ್ಯಾಂಕಿನಲ್ಲಿದ್ದವು. ಅಜ್ಜಿಯು ರುಜು ಹಾಕುವುದು 15ರ ಬೆಳಗ್ಗೆ ಎಂದಾಗಿತ್ತು.

ಜಯಂತಿಯ ದಿನ ತಂದೆ ಶಾಲೆಯಲ್ಲಿ ಭಾವಚಿತ್ರಕ್ಕೆ ಹೂವಿಟ್ಟು, ಮಕ್ಕಳಿಗೆ ವರ್ಷವೂ ಹೇಳುವ ನಾಲ್ಕು ಮಾತುಗಳನ್ನು ಹೇಳಿ ಮನೆಗೆ ಬಂದರು. ಬಂದವರು ಅದೇ ಮಾತನ್ನು ಮಗಳ ಮುಂದೆಯೂ ಎತ್ತಿದರು. 1913ರಲ್ಲಿ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದದ್ದು ಬರೋಡೆಯ ಸಂಸ್ಥಾನದ ವೇತನದಿಂದ: ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ, ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು. ಅಷ್ಟು ದೊಡ್ಡವರೇ ವೇತನದಲ್ಲಿ ಓದಲಿಲ್ಲವೆ ಎಂಬುದು ತಂದೆಯ ತಾತ್ಪರ್ಯ.

ಮಗಳಿಗೆ ಕಥೆಯ ಉಳಿದರ್ಧವೂ ಗೊತ್ತಿತ್ತು. ವೇತನದ ಅವಧಿ ತೀರಿದುದರಿಂದ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಅವರು ಬರೋಡೆಗೆ ಸೇವೆಗೆ ಬಂದರು. ಅಸ್ಪೃಶ್ಯನೆಂದು ಆ ಪಟ್ಟಣದಲ್ಲಿ ವಾಸಕ್ಕೆ ಒಂದು ಕೋಣೆಯೂ ದೊರೆಯದೆ, ಇಳಿದುಕೊಂಡಿದ್ದ ಪಾರಸಿಗಳ ವಸತಿಯಿಂದಲೂ ಹೊರಹಾಕಿಸಿಕೊಂಡು, ಕೆಲಸ ಬಿಟ್ಟು ಹೋಗಬೇಕಾಯಿತು. ಮಾತು ಕೊಟ್ಟವರು ಬಂದಿದ್ದರು. ಇರಗೊಡಿಸದೆ ಹೋದದ್ದು ಊರು. ಆಮೇಲೆ ಮುಂಬಯಿಯಲ್ಲಿ ಪ್ರಾಧ್ಯಾಪಕರಾಗಿ ಉಳಿಸಿದ ಹಣ, ಸ್ನೇಹಿತರಿಂದ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಇವನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, 1921ರಲ್ಲಿ ಎಂ.ಎಸ್‌ಸಿ.ಯನ್ನೂ 1923ರಲ್ಲಿ ಡಿ.ಎಸ್‌ಸಿ.ಯನ್ನೂ ಪಡೆದರು. “ಅವರು ಎರಡು ದಾರಿಯಲ್ಲೂ ನಡೆದರು, ಅಪ್ಪಯ್ಯ. ಆದರೆ ಬರೋಡೆಯ ಕರಾರು ಏನೆಂದು ಮಹಾರಾಜರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು” ಎಂದಳು. ತಂದೆ ಸುಮ್ಮನೆ ಕನ್ನಡಕವನ್ನು ಒರೆಸಿಕೊಂಡರು. ತಮ್ಮ ಉದಾಹರಣೆಯು ತಮ್ಮ ಕೈಮೀರಿ ನಡೆದುಹೋದುದನ್ನು ಕಂಡ ಉಪಾಧ್ಯಾಯನಿಗೆ ಆಗುವ ಸಂತೋಷ ಅಷ್ಟೇನೂ ಕಡಮೆಯದಲ್ಲ. ಅದನ್ನು ತೋರಿಸುವುದು ಮಾತ್ರ ಕಷ್ಟ.

ಅಂದಿನ ರಾತ್ರಿ ಅವಳು ಪ್ರಾಧ್ಯಾಪಕರಿಗೆ ಬರೆದಳು. ಪತ್ರ ಉದ್ದವಾಗಿರಲಿಲ್ಲ. ತನಗೆ ಸಂಖ್ಯಾಶಾಸ್ತ್ರದ ಕಡೆ ಒಲವಿದೆ. ಅದರಲ್ಲಿ ಬೇರೊಂದು ಕಡೆ ಪ್ರವೇಶವೂ ದೊರೆತಿದೆ, ಆದರೆ ಅದಕ್ಕೆ ಹಣವಿಲ್ಲ. ಐದು ವರ್ಷ ಈ ರೋಗಾಣುವಿನ ಮೇಲೆಯೇ ಕೆಲಸ ಮಾಡಬಲ್ಲೆನೆಂದು ಇಂದು ಮಾತು ಕೊಡಲಾರೆ. ಎರಡು ವರ್ಷದ ಮೇಲೆ ಮನಸ್ಸು ತಿರುಗಿದರೂ ತಿರುಗಬಹುದು. ಕೃಷಿವಿಜ್ಞಾನದಲ್ಲಿ ಕೆಲವು ಎಂ.ಎಸ್.ಗಳಿಗೂ ವೇತನವಿರುವುದೆಂದು ಕೇಳಿದ್ದೇನೆ; ತಮ್ಮಲ್ಲಿ ಎಂ.ಎಸ್.ಗೆಂದೇ ಸೇರಿಸಿಕೊಳ್ಳುವ ಮಾರ್ಗವಿದೆಯೆ? ಇಲ್ಲವಾದರೆ ಈ ಸ್ಥಾನವನ್ನು ಬೇರೆಯವರಿಗೆ ಕೊಡಲು ತಮಗೆ ಕಾಲವಿರಲೆಂದು ಇದನ್ನು ಇಂದೇ ಬರೆಯುತ್ತಿದ್ದೇನೆ. ಇಷ್ಟು.

ಫೋನಿನಲ್ಲಿ ಸುದ್ದಿಯನ್ನು ಕೇಳಿದ ಸೋದರಮಾವನು ತಲೆ ಚಚ್ಚಿಕೊಂಡನು. ಎರಡೂ ಕೈತಪ್ಪುವುದೆಂದು ಅವನ ಭಯ. ಆ ಭಯ ಅಸಂಗತವಲ್ಲ. ಗುರುವಾರದ ಉಪವಾಸದ ಕಥೆಯಲ್ಲಿ ನಿಜ ಹೇಳಿದವನಿಗೆ ಅನ್ನ ದೊರೆಯಲಿಲ್ಲವೆಂಬುದನ್ನು ಮರೆಯುವಂತಿಲ್ಲ.

15ರ ಬೆಳಗ್ಗೆ ತಂದೆ ಬ್ಯಾಂಕಿಗೆ ಹೋಗಿ ರುಜುವನ್ನು ಒಂದು ದಿನ ಮುಂದಕ್ಕೆ ಹಾಕಿಸಿಕೊಂಡು ಬಂದರು. ಅಲ್ಲಿಯ ಗಡಿಯಾರ ಇಲ್ಲಿಗಿಂತ ಹತ್ತೂವರೆ ಗಂಟೆ ಹಿಂದು. ಅವರ 15ನೆಯ ತಾರೀಖು ಮುಗಿಯುವಾಗ ಇಲ್ಲಿ 16ರ ಬೆಳಗ್ಗೆ ಹತ್ತೂವರೆ. ಸಂಜೆಯಾಯಿತು, ಉತ್ತರವಿಲ್ಲ. ರಾತ್ರಿಯ ಊಟವಾಯಿತು, ಉತ್ತರವಿಲ್ಲ. ಮಳೆ ಬರುವ ಹಾಗೆ ಗುಡುಗಿ ಕರೆಂಟು ಹೋಯಿತು. ಹತ್ತು ಗಂಟೆಯ ಸುಮಾರಿಗೆ ಹುಡುಗಿಯ ಫೋನು ಬೆಳಗಿತು.

ವಿಭಾಗದ ಮೊದಲ ವರ್ಷದ ವೇತನವು ಪಿಎಚ್.ಡಿ.ಗೆ ಸೇರುವವರಿಗೇ ಮೀಸಲು; ಎಂ.ಎಸ್.ಗೆ ಅದನ್ನು ಕೊಡುವ ಅಧಿಕಾರ ತನಗಿಲ್ಲ ಎಂದು ಪ್ರಾಧ್ಯಾಪಕರು ಬರೆದಿದ್ದರು. ಆದರೆ ಸಂದೇಹವಿರುವವರನ್ನು ಸೇರಿಸಿಕೊಳ್ಳಬಾರದೆಂಬ ನಿಯಮ ವಿಭಾಗದಲ್ಲಿಲ್ಲ. ಇದ್ದಿದ್ದರೆ ವಿಭಾಗವೇ ಇರುತ್ತಿರಲಿಲ್ಲ. ಎರಡನೆಯ ವರ್ಷದ ಕೊನೆಗೆ ಒಂದು ಅರ್ಹತಾ ಪರೀಕ್ಷೆ ಬರುವುದು. ಆಗ ಇಬ್ಬರೂ ಕುಳಿತು ಮಾತನಾಡೋಣ. ಅಲ್ಲಿಯವರೆಗೆ ಅರ್ಧ ಮನಸ್ಸಿನಿಂದ ಕೆಲಸ ಮಾಡಬೇಡ, ಮನಸ್ಸು ತಿರುಗಿದರೆ ಮೊದಲು ನನಗೆ ಹೇಳು. ಸಂಖ್ಯಾಶಾಸ್ತ್ರದ ಪಾಠಗಳನ್ನು ಉಪವಿಷಯವಾಗಿ ತೆಗೆದುಕೊಳ್ಳಬಹುದು. ಪ್ರಯೋಗಶಾಲೆಯಲ್ಲಿ ಹತ್ತು ವರ್ಷದ ಹೊಲದ ಅಂಕಿಗಳು ಯಾರೂ ಮುಟ್ಟದೆ ಬಿದ್ದಿವೆ. ಇಷ್ಟನ್ನು ಹೇಳಿ ಅವರು ತಮ್ಮ ಕಡೆಯ ನಿಜವನ್ನೂ ಸೇರಿಸಿದ್ದರು: ತನ್ನ ಅನುದಾನದಲ್ಲಿ ಇನ್ನು ಉಳಿದಿರುವುದು ಎರಡೇ ವರ್ಷ; ಈ ವರ್ಷದ ಸ್ಥಿತಿಯನ್ನು ನೋಡಿದರೆ ಮೂರನೆಯ ವರ್ಷದ ವೇತನಕ್ಕೆ ತಾನೂ ಮಾತು ಕೊಡಲಾರೆ.

ಹುಡುಗಿಯು ಮೇಣದ ಬತ್ತಿಯ ಬೆಳಕಿನಲ್ಲಿ ಅದನ್ನು ಒಂದೊಂದೇ ವಾಕ್ಯವಾಗಿ ಕನ್ನಡದಲ್ಲಿ ಅಜ್ಜಿಗೆ ಹೇಳಿದಳು.

“ಎಲ್ಲ ಗೊತ್ತಿದ್ದೂ ಎಲೆ ಹಾಕುತ್ತೇನೆ ಎನ್ನುತ್ತಾನಲ್ಲ, ಹಾಗಾದರೆ ಕೂತುಕೋ” ಎಂದರು ಅಜ್ಜಿ.

ಹನ್ನೊಂದು ಗಂಟೆಗೆ ಒಪ್ಪಿಗೆಯ ಪತ್ರ ಹೋಯಿತು. ಮರುದಿನ ಸೋದರಮಾವನು ನಗುತ್ತಾ, “ಕಡೆಗೆ ಆದದ್ದು ನಾನು ಹೇಳಿದ್ದೇ ಅಲ್ಲವೆ, ಭಾವ?” ಎಂದನು. ಸೇರುವುದು ಅದೇ ಪಿಎಚ್.ಡಿ., ಅದೇ ವೇತನ, ಎರಡು ವರ್ಷದ ಮೇಲೆ ಬಿಡುವ ಸಂಭವವೂ ಅದೇ. ತಂದೆಗೆ ಉತ್ತರ ತೋಚದೆ, ನಿನಗೆ ಅದು ತಿಳಿಯುವುದಿಲ್ಲವಪ್ಪ ಎಂದುಬಿಟ್ಟರು. ಅವರ ಚಿಂತೆ ಆಗಲೇ ಮೂರನೆಯ ವರ್ಷಕ್ಕೆ ಹೋಗಿತ್ತು.

ಬ್ಯಾಂಕಿನಿಂದ ಮನೆಯ ಪತ್ರಗಳು ಹಿಂದಕ್ಕೆ ಬಂದವು. ವಕೀಲರ ಶುಲ್ಕವೂ ಋಣಭಾರ ಪತ್ರಕ್ಕೆ ಆದ ಖರ್ಚೂ ಬರಲಿಲ್ಲ. ವೇತನದ ಓದಿಗೂ ಮೊದಲು ಕೈಯಿಂದ ಹಾಕಬೇಕಾದ ಹಣವಿದೆಯೆಂಬುದು ಆಮೇಲೆ ತಿಳಿಯುತ್ತಾ ಬಂದಿತು: ವಿದ್ಯಾರ್ಥಿಗಳ ನೋಂದಣಿಗೆ 350 ಡಾಲರ್, ವೀಸಾದ ಅರ್ಜಿಗೆ 185, ವಿಮಾನದ ಚೀಟಿ, ಮೊದಲ ಸಂಬಳ ಬರುವವರೆಗೆ ಒಂದು ತಿಂಗಳ ಬಾಡಿಗೆ ಮತ್ತು ಊಟ. ಮೇ ಕೊನೆಯಲ್ಲಿ ಅಮೆರಿಕದ ಸರಕಾರವು ವಿದ್ಯಾರ್ಥಿಗಳಿಗೆ ಹೊಸ ಸಂದರ್ಶನಗಳನ್ನು ಗೊತ್ತುಮಾಡುವುದನ್ನು ನಿಲ್ಲಿಸಿತು, ಜೂನ್ ನಡುವೆ ಮತ್ತೆ ತೆರೆಯಿತು. ಜುಲೈಯಲ್ಲಿ ಚೆನ್ನೈಗೆ ಹೋಗಿ ಬಂದದ್ದಾಯಿತು. ಇದಕ್ಕೆಲ್ಲ ತಂದೆ, ಧಾರಣೆ ಏರಲೆಂದು ಇಟ್ಟುಕೊಂಡಿದ್ದ ಅಡಕೆಯಲ್ಲಿ ನಾಲ್ಕು ಮೂಟೆಯನ್ನು ಮಂಡಿಗೆ ಹಾಕಿದರು. ಉಳಿದದ್ದು ಎರಡು ಮೂಟೆ. ಅವನ್ನು ಮಾರುವುದು ಬೇಡ, ಕೊಳೆಗೆ ಔಷಧಿ ಹೊಡೆಸುವ ಖರ್ಚಿಗೆ ಇರಲಿ ಎಂದು ಅಜ್ಜಿ ಹೇಳಿದ್ದರಿಂದ ಅವು ಅಟ್ಟದ ಮೇಲೆಯೇ ಇದ್ದವು.